ರಾಗಿ ಪ್ಯಾಕೆಟ್ಟಿನಲ್ಲಿ ರಾಗಿ ಎಷ್ಟಿದೆ?

ಇವತ್ತಿನ ವಿಷಯ ರಾಜಕೀಯದ್ದಲ್ಲ, ಹಿಟ್ಟಿನದ್ದು.

ಹೋದ ತಿಂಗಳು ಮಧುಗಿರಿಗೆ ಹೋಗಿದ್ದೆ. ದೊಡ್ಡಮ್ಮನಿಗೆ ಆರೇಳು ವರ್ಷದಿಂದ ಶುಗರ್ ಇದೆ, ಬಿಪಿ ಮಾತ್ರೆಯೂ ನಡೀತಿದೆ. ರಾತ್ರಿ ಊಟಕ್ಕೆ ಕೂತರೆ ಅವರ ತಟ್ಟೇಲಿ ಮುದ್ದೆ ಇಲ್ಲ. ಪ್ಯಾಕೆಟ್‌ನಿಂದ ತೆಗೆದು ಕಾವಲಿ ಮೇಲೆ ಬಿಸಿ ಮಾಡಿದ ಎರಡು ಮೆತ್ತನೆ ರೊಟ್ಟಿ, ಪಕ್ಕದಲ್ಲಿ ಉಪ್ಪಿನಕಾಯಿ. "ಇದೇನು ದೊಡ್ಡಮ್ಮ?" ಅಂದೆ. "ರಾಗೀದೇ ಕಣಪ್ಪ, ರ‍್ಯಾಪ್ ಅಂತೆ. ಬೆಂಗಳೂರಿಂದ ನಿಮ್ಮಣ್ಣ ತಂದ್ಕೊಟ್ಟವ್ನೆ. ಒಬ್ಬಳಿಗೋಸ್ಕರ ಯಾರಪ್ಪ ದಿನಾ ಹಿಟ್ಟು ತೊಳಸ್ತಾರೆ? ಶುಗರ್‌ಗೂ ಒಳ್ಳೇದಂತಲ್ಲ."

ನೋಡಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂದರೆ ಮಳೆ ನಂಬಿಕೊಂಡು ರಾಗಿ, ಕಡಲೆಕಾಯಿ ಬೆಳೆಯೋ ಸೀಮೆ. ಅಂಥ ಊರಿಗೆ ಬೆಂಗಳೂರಿನ ಸೂಪರ್ ಮಾರ್ಕೆಟ್‌ನಿಂದ ರಾಗಿ ಬರ್ತಾ ಇದೆ. ಬರಲಿ ಬಿಡಿ. ಬಂದದ್ದು ರಾಗೀನೇ ತಾನೇ, ಅದು ನನ್ನ ಪ್ರಶ್ನೆ.

ಪ್ಯಾಕೆಟ್ ಮುಂದುಗಡೆ ರಾಗಿ ತೆನೆಯ ಚಿತ್ರ, ಹಸಿರು ಎಲೆ. ಹಿಂದೆ ತಿರುಗಿಸಿ ಮೊಬೈಲ್ ಟಾರ್ಚ್ ಹಾಕಿ ಓದಿದೆ. ಮೊದಲು ಮೈದಾ, ಆಮೇಲೆ ಗೋಧಿ ಹಿಟ್ಟು, ನೀರು, ತಾಳೆ ಎಣ್ಣೆ, ಅದರ ನಂತರ ರಾಗಿ ಹಿಟ್ಟು 8%.

ನಾನು ಎಂಜಿನಿಯರಿಂಗ್ ಓದಿದವನು. ಯಾವುದೇ ಯಂತ್ರದ ಬಗ್ಗೆ ಜಾಹೀರಾತು ಏನೇ ಹೇಳಲಿ, ನಾವು ಕೇಳೋದು ಬಿಡಿಭಾಗಗಳ ಪಟ್ಟಿ. ಪ್ಯಾಕೆಟ್ ಹಿಂದಿನ ಪದಾರ್ಥಗಳ ಪಟ್ಟಿಯೂ ಅದೇ. ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಜಾಸ್ತಿ ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ ಬರಬೇಕು. ಮುಂದುಗಡೆ ಚಿತ್ರದಲ್ಲೋ ಪದದಲ್ಲೋ ಯಾವ ಪದಾರ್ಥವನ್ನ ಎತ್ತಿ ತೋರಿಸ್ತಾರೋ, ಅದು ಶೇಕಡಾ ಎಷ್ಟಿದೆ ಅಂತಲೂ ಬರೀಬೇಕು. ಹಾಗಾಗಿ ಕಂಪನಿ ಇಲ್ಲಿ ಸುಳ್ಳು ಹೇಳಿಲ್ಲ. ನಿಜವನ್ನ ಸಣ್ಣ ಅಕ್ಷರದಲ್ಲಿ ಹೇಳಿದೆ, ಅಷ್ಟೇ.

ಲೆಕ್ಕ ಹಾಕೋಣ. ಒಂದು ರ‍್ಯಾಪ್ 45 ಗ್ರಾಂ. ಅದರ 8% ಅಂದ್ರೆ 3.6 ಗ್ರಾಂ, ಒಂದು ಟೀ ಚಮಚದಷ್ಟು ರಾಗಿ. ನಾವು ರಾಗಿ ತಿನ್ನಿ ಅನ್ನೋದಕ್ಕೆ ದೊಡ್ಡ ಕಾರಣ ಕ್ಯಾಲ್ಸಿಯಂ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತೆ. ಈ ರ‍್ಯಾಪ್‌ನ ರಾಗಿಯಿಂದ ಸಿಗೋದು ಹನ್ನೆರಡು, ಹದಿಮೂರು ಮಿಲಿಗ್ರಾಂ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 280.

"ಬಣ್ಣ ಕಂದು ಇದೆಯಲ್ಲಪ್ಪ" ಅಂದರು ದೊಡ್ಡಮ್ಮ. ಬಣ್ಣ ನಂಬಬೇಡಿ. ಪಟ್ಟಿಯಲ್ಲಿ ಐಎನ್ಎಸ್ 150 ಅಂತ ಕಂಡರೆ ಅದು ಕ್ಯಾರಮೆಲ್, ಸಕ್ಕರೆ ಸುಟ್ಟು ಮಾಡೋ ಕಂದು ಬಣ್ಣ. ಇನ್ನೊಂದು ಮಾತು, 'ರಿಫೈನ್ಡ್ ವೀಟ್ ಫ್ಲೋರ್' ಅಂದರೆ ಮೈದಾನೇ. ಗೋಧಿ ಅನ್ನೋ ಹೆಸರು ನೋಡಿ ಮೋಸ ಹೋಗಬೇಡಿ.

ಈಗ ಆ ನಂಬರ್‌ಗಳ ಭಯ. ನಮ್ಮ ಚಾನೆಲ್‌ಗಳಲ್ಲಿ ಇಂಥ ಸುದ್ದಿ ಬಂದರೆ ಕೆಂಪು ಅಕ್ಷರದಲ್ಲಿ 'ತಟ್ಟೆಯಲ್ಲಿ ವಿಷ' ಅಂತ ಹಾಕಿಬಿಡ್ತೀವಿ. ನಾನೂ ಹಾಕಿಸಿದ್ದೀನಿ, ಒಪ್ಕೋತೀನಿ. ಆದರೆ 282 ಅಂದ್ರೆ ಕ್ಯಾಲ್ಸಿಯಂ ಪ್ರೊಪಿಯೊನೇಟ್, ಬೂಷ್ಟು ಹಿಡಿಯದ ಹಾಗೆ ನೋಡ್ಕೊಳ್ಳುತ್ತೆ. 422 ಗ್ಲಿಸರಿನ್, ರೊಟ್ಟಿ ಒಣಗಿ ಮುರಿಯದ ಹಾಗೆ. 412 ಗೌರ್ ಗಮ್, ಅದು ಬರೋದು ನಮ್ಮ ಗೋರಿಕಾಯಿ ಬೀಜದಿಂದ! ಮಿತಿಯೊಳಗೆ ಹಾಕಿದರೆ ಇವಕ್ಕೆಲ್ಲ ಅನುಮತಿ ಇದೆ. ವನಸ್ಪತಿ ಥರದ ಕೊಬ್ಬಿನಲ್ಲಿರೋ ಟ್ರಾನ್ಸ್ ಫ್ಯಾಟ್‌ಗೂ 2022ರ ಜನವರಿಯಿಂದ 2% ಮಿತಿ ಬಂದಿದೆ.

ದೊಡ್ಡಮ್ಮನ ಮಟ್ಟಿಗೆ ನನಗೆ ಹೆದರಿಕೆ ಆಗಿದ್ದು ಉಪ್ಪು. ಲೇಬಲ್‌ನಲ್ಲಿ ಅದು ಉಪ್ಪು ಅಂತ ಇರಲ್ಲ, ಸೋಡಿಯಂ ಅಂತ ಇರುತ್ತೆ. ದಿನಕ್ಕೆ 2000 ಮಿಲಿಗ್ರಾಂ ಮಿತಿ, ಅಂದರೆ 5 ಗ್ರಾಂ ಉಪ್ಪು. 100 ಗ್ರಾಂಗೆ 600 ಮಿಲಿಗ್ರಾಂ ಸೋಡಿಯಂ ಅಂತ ಬರೆದಿದ್ದರೆ, ಎರಡು ರ‍್ಯಾಪ್‌ಗೆ 540. ಸಾರು, ಪಲ್ಯ, ಉಪ್ಪಿನಕಾಯಿ ಮುಟ್ಟೋಕೆ ಮೊದಲೇ ದಿನದ ಕಾಲುಭಾಗ ದಾಟಿ ಹೋಯ್ತು. ಮುದ್ದೆಗೆ ನಾವು ಉಪ್ಪೇ ಹಾಕಲ್ಲ, ಹಾಕಿದರೂ ಚಿಟಿಕೆ. ರ‍್ಯಾಪ್‌ಗೆ ರುಚಿಗೂ ಉಪ್ಪು ಬೇಕು, ಹದಕ್ಕೂ ಬೇಕು. ಮೆತ್ತಗಾಗೋಕೆ ಹಾಕೋ ಸೋಡಾದಲ್ಲೂ ಸೋಡಿಯಂ ಇದೆ. ಬಿಪಿ ಇರೋರು ಲೇಬಲ್‌ನಲ್ಲಿ ಒಂದೇ ಸಾಲು ಓದೋದಾದರೆ ಇದನ್ನೇ ಓದಿ. 'ಪ್ರತಿ ಸರ್ವಿಂಗ್' ಅಂತ ಇದ್ದರೆ ಆ ಸರ್ವಿಂಗ್ ಎಷ್ಟು ಗ್ರಾಂ ಅಂತಲೂ ನೋಡಿ. ಕೆಲವು ಕಡೆ ಒಂದೇ ತುಂಡಿನ ಲೆಕ್ಕ ಕೊಟ್ಟಿರ್ತಾರೆ. ಒಂದೇ ತಿಂದು ಎದ್ದೇಳೋರು ಯಾರಿದ್ದಾರೆ?

ನಾರು ನೋಡೋದು ಸುಲಭ. 100 ಗ್ರಾಂನಲ್ಲಿ ಕನಿಷ್ಠ 3 ಗ್ರಾಂ ನಾರಿದ್ದರೆ 'ನಾರಿನ ಮೂಲ' ಅನ್ನಬಹುದು, 6 ಇದ್ದರೆ ಮಾತ್ರ 'ಹೆಚ್ಚು ನಾರು'. ಮಲ್ಟಿಗ್ರೇನ್ ಅನ್ನೋ ಪದ ನೋಡಿ ಮರುಳಾಗಬೇಡಿ. ಏಳು ಧಾನ್ಯ ಚಿಟಿಕೆ ಚಿಟಿಕೆ ಹಾಕಿದರೂ ಮಲ್ಟಿಗ್ರೇನೇ.

ಹಾಗಂತ ಮುದ್ದೆ ಔಷಧಿ ಅಂತಲೂ ನಾನು ಹೇಳಲ್ಲ. ರಾಗಿಯಲ್ಲೂ ಹೆಚ್ಚಿನ ಭಾಗ ಪಿಷ್ಟವೇ ಇರೋದು. ಶುಗರ್ ಇರೋರು ದೊಡ್ಡ ಮುದ್ದೆ ಎರಡು ನುಂಗಿದರೆ ಶುಗರ್ ಏರೇ ಏರುತ್ತೆ. ಸಣ್ಣ ಮುದ್ದೆ, ಜೊತೆಗೆ ಸೊಪ್ಪು, ಕಾಳಿನ ಬಸ್ಸಾರು, ಅದು ಬೇರೆ ಲೆಕ್ಕ. ಇನ್ನು ಹೈವೇ ಪಕ್ಕ ಮಯೋನೀಸ್ ಸುರಿದು ಸುತ್ತಿ ಕೊಡೋ ರ‍್ಯಾಪ್‌ನ ಹೊರಗಿನ ಪದರ ರಾಗಿಯದ್ದೇ ಆದರೂ ಒಳಗಿರೋದು ಎಣ್ಣೆ.

ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡಮ್ಮ ಕೇಳಿದ್ದು ಒಂದೇ, "ಫ್ರಿಜ್ಜಲ್ಲಿ ಇನ್ನೆರಡು ಪಾಕೀಟು ಅವೆ, ದುಡ್ಡು ಕೊಟ್ಟು ತಂದವ್ನೆ, ಎಸೀಲಾ?" ಬೇಡ ಅಂದೆ. ಅಪರೂಪಕ್ಕೆ ಕೈಲಾಗದ ದಿನ ಒಂದು ತಿನ್ನಿ, ಉಪ್ಪಿನಕಾಯಿ ಬಿಟ್ಟು. ಆಮೇಲೆ ಅಣ್ಣನಿಗೆ ಫೋನ್ ಮಾಡಿ, ಮುಂದಿನ ಸಲ ರ‍್ಯಾಪ್ ಬದಲು ಒಂದು ಸಣ್ಣ ಕುಕ್ಕರ್ ತಂದುಕೊಡು, ಒಬ್ಬರ ಅಳತೆಗೆ ಮುದ್ದೆ ಮಾಡ್ಕೋತಾರೆ ಅಂದೆ. ಅವನು ಮೊದಲು ಕೇಳಿದ್ದು, "ಹೌದೇನೋ, 8 ಪರ್ಸೆಂಟೇನಾ?"