ಪೌರಸಭೆಯಲ್ಲಿ ನ್ಯಾಯವಾದಿ: ಎರಡು ನಿಷ್ಠೆಗಳ ಸಮಸ್ಯೆ

ನಮ್ಮ ದೇಶದ ಪೌರಸಂಸ್ಥೆಗಳ ಇತಿಹಾಸವನ್ನು ಬರೆಯಹೊರಟವನು ವಕೀಲರ ಹೆಸರುಗಳನ್ನು ಬಿಟ್ಟು ಮುಂದುವರಿಯಲಾರನು. 1888ರ ಮುಂಬಯಿ ಪೌರ ಕಾಯಿದೆಯ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಸರ್ ಫಿರೋಜಶಹಾ ಮೆಹತಾ ಅವರು ಬ್ಯಾರಿಸ್ಟರರು. 1924ರಿಂದ 1928ರ ವರೆಗೆ ಅಹಮದಾಬಾದ ಪೌರಸಭೆಯ ಅಧ್ಯಕ್ಷರಾಗಿದ್ದ ವಲ್ಲಭಭಾಯಿ ಪಟೇಲರೂ ಬ್ಯಾರಿಸ್ಟರರೇ. 1917ರಲ್ಲಿ ಸೇಲಂ ಪೌರಸಭೆಯ ಅಧ್ಯಕ್ಷ ಪೀಠವನ್ನೇರಿದ ರಾಜಗೋಪಾಲಾಚಾರಿಯವರು ವಕೀಲರು. ಇದು ಆಕಸ್ಮಿಕವಲ್ಲ. ಪೌರಸಭೆಯ ವ್ಯವಹಾರವು ಕಾಯಿದೆ, ಉಪವಿಧಿ, ತೆರಿಗೆ ಮತ್ತು ಕರಾರುಗಳ ವ್ಯವಹಾರ. ಅವುಗಳನ್ನು ಓದಿ ಅರಿಯಬಲ್ಲವರು ಅಲ್ಲಿ ಮುಂದಾಳುಗಳಾಗುವುದು ಸಹಜವೇ ಆಗಿದೆ.

ಆದರೆ ಈ ಯೋಗ್ಯತೆಯೊಡನೆಯೇ ಒಂದು ತೊಡಕೂ ಸಭೆಯನ್ನು ಪ್ರವೇಶಿಸುತ್ತದೆ. ರಸ್ತೆಯ ಅಗಲೀಕರಣದ ಗೊತ್ತುವಳಿಯೊಂದು ಸಭೆಯ ಮುಂದೆ ಬಂದಿದೆಯೆಂದು ಭಾವಿಸೋಣ. ಆ ರಸ್ತೆಯ ಅಂಚಿನ ಮನೆಯೊಂದರ ಒಡೆಯನು ನ್ಯಾಯವಾದಿ ನಗರಸೇವಕನೊಬ್ಬನ ಕಕ್ಷಿಗಾರ. ಮನೆಯ ಹಕ್ಕುಪತ್ರದಲ್ಲಿ ಒಂದು ದೋಷವಿರುವುದನ್ನು ಆತನು ನ್ಯಾಯವಾದಿಗೆ ವಿಶ್ವಾಸದಿಂದ ತಿಳಿಸಿದ್ದಾನೆ. ಈಗ ನಗರಸೇವಕನ ಕರ್ತವ್ಯವೇನು? ಸಾರ್ವಜನಿಕರ ಹಣ ವ್ಯರ್ಥವಾಗದಂತೆ, ತನಗೆ ತಿಳಿದುದನ್ನು ಸಭೆಗೆ ತಿಳಿಸುವುದು. ನ್ಯಾಯವಾದಿಯ ಕರ್ತವ್ಯವೇನು? ಅದೇ ಸಂಗತಿಯನ್ನು ಬಾಯಿಬಿಡದಿರುವುದು. 1872ರ ಸಾಕ್ಷ್ಯ ಕಾಯಿದೆಯಲ್ಲಿದ್ದ ಈ ಗೋಪ್ಯತೆಯ ಕಟ್ಟು 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಒಂದು ಕರ್ತವ್ಯವನ್ನು ಪಾಲಿಸಿದರೆ ಇನ್ನೊಂದಕ್ಕೆ ಭಂಗ ಬರುತ್ತದೆ.

ಇಲ್ಲಿಯೇ ನ್ಯಾಯವಾದಿಯ ಸ್ಥಿತಿಯು ಇತರ ಸದಸ್ಯರ ಸ್ಥಿತಿಯಿಂದ ಬೇರೆಯಾಗುತ್ತದೆ. ಕಂತ್ರಾಟದಾರನ ಪಾಲುಗಾರನಾದ ಸದಸ್ಯನು ತನ್ನ ಹಿತಾಸಕ್ತಿಯನ್ನು ಪೂರ್ಣವಾಗಿ ಬಯಲುಮಾಡಿ ದೂರ ಸರಿಯಬಲ್ಲನು. ನ್ಯಾಯವಾದಿಯಾದರೋ ತನಗೆ ಸಂಬಂಧವಿದೆಯೆಂದಷ್ಟೆ ಹೇಳಬಲ್ಲನು. ಆ ಸಂಬಂಧದಿಂದ ತನಗೇನು ತಿಳಿದಿದೆಯೆಂದು ಹೇಳಲಾರನು. ಆದುದರಿಂದ ಅವನ ಮಟ್ಟಿಗೆ ಬರಿಯ ಪ್ರಕಟನೆಯು ಸಾಲದು. ಆ ವಿಷಯದಿಂದ ಸಂಪೂರ್ಣವಾಗಿ ಹಿಂದೆ ಸರಿಯುವುದೊಂದೇ ದಾರಿ.

ಕಾಯಿದೆಯನ್ನು ಬರೆದವರು ಇದನ್ನು ಚೆನ್ನಾಗಿ ಅರಿತಿದ್ದರು. ಪುಣೆ ಮೊದಲಾದ ನಗರಗಳಿಗೆ ಅನ್ವಯಿಸುವ 1949ರ ಮಹಾನಗರಪಾಲಿಕೆಗಳ ಕಾಯಿದೆಯ ಪ್ರಕಾರ, ಕಕ್ಷಿಗಾರನ ಪರವಾಗಿ ತನಗೆ ವೃತ್ತಿಸಂಬಂಧವಿರುವ ವಿಷಯದಲ್ಲಿ ಮತ ನೀಡಿದ, ಚರ್ಚೆಯಲ್ಲಿ ಭಾಗವಹಿಸಿದ, ಅಥವಾ ಒಂದು ಪ್ರಶ್ನೆಯನ್ನಾದರೂ ಕೇಳಿದ ನಗರಸೇವಕನು ತನ್ನ ಸ್ಥಾನಕ್ಕೆ ಎರವಾಗುತ್ತಾನೆ. ಮತದಾನದ ನಿಷೇಧವು ಸುಲಭವಾಗಿ ಅರ್ಥವಾಗುತ್ತದೆ, ಪ್ರಶ್ನೆಯನ್ನೇಕೆ ನಿಷೇಧಿಸಬೇಕು? ಪ್ರಶ್ನೆಯು ಮಾಹಿತಿಯನ್ನು ಹೊರತೆಗೆಯುವ ಸಾಧನ. ಎದುರು ಪಕ್ಷದ ವಕೀಲನಿಗೆ ದೊರೆಯಲಾರದ ಉತ್ತರವು ನಗರಸೇವಕನಿಗೆ ಅಧಿಕಾರದ ಬಲದಿಂದ ದೊರೆಯುತ್ತದೆ. ಸಭೆಯಲ್ಲಿ ಕೇಳಿದ ಪ್ರಶ್ನೆಯ ಉತ್ತರವು ಮರುದಿನ ನ್ಯಾಯಾಲಯದಲ್ಲಿ ಪೌರಸಂಸ್ಥೆಗೇ ತಿರುಗುಬಾಣವಾಗಬಹುದು.

1919ರ ಮದ್ರಾಸ್ ನಗರಪಾಲಿಕೆಯ ಕಾಯಿದೆಯು ಇದಕ್ಕಿಂತ ಕಠಿಣವಾದ ದಾರಿಯನ್ನು ಹಿಡಿದಿತ್ತು. ಪಾಲಿಕೆಯ ಪರವಾಗಿ ಸಂಭಾವನೆ ಪಡೆದು ವಾದಿಸುವವನಾಗಲಿ, ಪಾಲಿಕೆಗೆ ವಿರೋಧವಾಗಿ ವಕಾಲತ್ತು ವಹಿಸುವವನಾಗಲಿ ಅದರ ಸದಸ್ಯನಾಗಿರಲು ಅರ್ಹನಲ್ಲವೆಂದು ಅದು ವಿಧಿಸಿತ್ತು. ವಿರೋಧವಾಗಿ ವಾದಿಸುವುದು ದೋಷವೆಂದು ಯಾರೂ ಒಪ್ಪುವರು. ಪರವಾಗಿ ವಾದಿಸುವುದೂ ದೋಷವೇ. ಏಕೆಂದರೆ ಅಲ್ಲಿ ಒಬ್ಬನೇ ಮನುಷ್ಯನು ಕೆಲಸ ಕೊಡುವವನೂ ಕೂಲಿ ಪಡೆಯುವವನೂ ಆಗುತ್ತಾನೆ. ದಾವೆಯನ್ನು ಮುಂದುವರಿಸಬೇಕೆ, ರಾಜಿಗೆ ಒಪ್ಪಬೇಕೆ ಎಂಬ ನಿರ್ಣಯದಲ್ಲಿ ಅವನ ಸಂಭಾವನೆಯೂ ತೂಗುತ್ತದೆ.

ಬ್ಯಾಂಕಿನಲ್ಲಿ ದುಡಿಯುವ ನನಗೆ ಈ ತರ್ಕವು ಅಪರಿಚಿತವಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯು ಬ್ಯಾಂಕು ತನ್ನ ನಿರ್ದೇಶಕರಿಗೇ ಸಾಲ ಕೊಡುವುದನ್ನು ನಿರ್ಬಂಧಿಸಿದೆ. ನಿರ್ದೇಶಕರೆಲ್ಲರೂ ಅಪ್ರಾಮಾಣಿಕರೆಂದು ಇದರ ಅರ್ಥವಲ್ಲ. ಪ್ರಾಮಾಣಿಕನಾದವನಿಗೂ ಈ ಕಟ್ಟು ಒಂದು ರಕ್ಷಣೆಯೇ.

ಮನಸ್ಸು ಶುದ್ಧವಾಗಿದ್ದರೆ ಸಾಲದೆ ಎಂದು ಕೆಲವರು ಕೇಳಬಹುದು. ಇದಕ್ಕೆ 1923ರಲ್ಲಿಯೇ ಇಂಗ್ಲೆಂಡಿನ ನ್ಯಾಯಾಲಯವು ಉತ್ತರ ಕೊಟ್ಟಿತು. ಸಸೆಕ್ಸಿನಲ್ಲಿ ಮೋಟಾರು ಅಪಘಾತದ ಮೊಕದ್ದಮೆಯೊಂದರಲ್ಲಿ ನ್ಯಾಯಾಧಿಕಾರಿಗಳ ಸಹಾಯಕ್ಕಿದ್ದ ಸಾಲಿಸಿಟರನ ಸಂಸ್ಥೆಯು ಅದೇ ಅಪಘಾತದ ಪರಿಹಾರಕ್ಕಾಗಿ ಆರೋಪಿಯ ಎದುರು ಪಕ್ಷವನ್ನು ಪ್ರತಿನಿಧಿಸುತ್ತಿತ್ತು. ಅವನು ನ್ಯಾಯಾಧಿಕಾರಿಗಳೊಡನೆ ಒಳಕೋಣೆಗೆ ಹೋದನು. ಒಂದು ಮಾತನ್ನೂ ಆಡಲಿಲ್ಲ. ಆದರೂ ಶಿಕ್ಷೆಯು ರದ್ದಾಯಿತು. ನ್ಯಾಯವು ನಡೆದರೆ ಸಾಲದು, ನಡೆದುದು ಕಾಣಬೇಕು ಎಂಬ ತತ್ತ್ವವು ಪ್ರಸಿದ್ಧವಾದುದು ಈ ತೀರ್ಪಿನಿಂದಲೇ. ನಮ್ಮ ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಮಾಣಕಲಾಲರ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಹಿಂದೆ ದೂರುದಾರನ ಪರವಾಗಿ ವಾದಿಸಿದ್ದ ವಕೀಲರೊಬ್ಬರು ವಿಚಾರಣಾ ಮಂಡಲಿಯ ಅಧ್ಯಕ್ಷರಾಗಿ ಕುಳಿತುದು ಸರಿಯಲ್ಲವೆಂದಿತು. ಆದರೆ ಸಂಗತಿಯು ತಿಳಿದಿದ್ದೂ ಮಾಣಕಲಾಲರು ಸಕಾಲದಲ್ಲಿ ಆಕ್ಷೇಪಿಸಲಿಲ್ಲವೆಂದು ಅವರ ವಾದವನ್ನು ಮನ್ನಿಸಲಿಲ್ಲ. ಆಕ್ಷೇಪವನ್ನು ಆರಂಭದಲ್ಲಿಯೇ ಎತ್ತಬೇಕೆಂಬ ಪಾಠವನ್ನು ನಾಗರಿಕರೂ ಕಲಿಯಬೇಕು.

ಈ ಚರ್ಚೆಯು ನಮ್ಮ ಮನೆಬಾಗಿಲಿಗೂ ಬರುತ್ತದೆ. ಪರಿಷ್ಕೃತವಾಗಿ 1975ರಿಂದ ಬಳಕೆಯಲ್ಲಿರುವ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು, ಯಾವುದೇ ಸಂಸ್ಥೆ ಅಥವಾ ಸಂಘದ ಕಾರ್ಯಕಾರಿ ಸಮಿತಿಯಲ್ಲಿರುವ ವಕೀಲನು ಆ ಸಂಸ್ಥೆಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ನ್ಯಾಯಾಲಯದಲ್ಲಿ ನಿಲ್ಲಕೂಡದೆಂದು ಹೇಳುತ್ತವೆ. ಸಂಭಾವನೆಯಿಲ್ಲದೆ ವಾದಿಸುವ ವಿನಾಯಿತಿಯು ವಕೀಲರ ಪರಿಷತ್ತು, ವಕೀಲರ ಸಂಘದಂಥ ಸಂಸ್ಥೆಗಳಿಗೆ ಮಾತ್ರ ಮೀಸಲು. ಹೊರನಾಡಿನ ನಮ್ಮ ಕನ್ನಡ ಸಂಘಗಳಲ್ಲಿ ಕಟ್ಟಡದ ವ್ಯಾಜ್ಯವೊಂದು ಬಂದಾಗ, "ನಮ್ಮ ವಕೀಲರೇ ಸಮಿತಿಯಲ್ಲಿದ್ದಾರಲ್ಲ, ಪುಕ್ಕಟೆಯಾಗಿ ನೋಡಿಕೊಳ್ಳುತ್ತಾರೆ" ಎಂದು ಸಮಾಧಾನಪಡುವವರು ಇದನ್ನು ನೆನೆಯಬೇಕು. ಅವರ ಸೇವೆ ಬೇಕಾದರೆ ಅವರು ಸಮಿತಿಯನ್ನು ಬಿಡಬೇಕು. ಸಮಿತಿಯಲ್ಲಿ ಬೇಕಾದರೆ ವಕಾಲತ್ತನ್ನು ಬೇರೆಯವರಿಗೆ ಕೊಡಬೇಕು.

ವಕೀಲರನ್ನು ಪೌರಸಭೆಗಳಿಂದ ದೂರವಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ಹಾಗೆ ಮಾಡಿದ್ದರೆ ಅಹಮದಾಬಾದಿಗೆ ವಲ್ಲಭಭಾಯಿಯವರು ದೊರೆಯುತ್ತಿರಲಿಲ್ಲ. ಸಂಬಂಧವಿರುವ ವಿಷಯವು ಬಂದಾಗ ಸದಸ್ಯನು ಎದ್ದು ಹೊರಗೆ ಹೋಗಬೇಕು, ಹಾಗೆ ಹೋದುದು ನಡಾವಳಿಯಲ್ಲಿ ದಾಖಲಾಗಬೇಕು. ಇಷ್ಟು ನಡೆದರೆ ಕಕ್ಷಿಗಾರನ ಗುಟ್ಟೂ ಉಳಿಯುತ್ತದೆ, ಊರಿನ ವಿಶ್ವಾಸವೂ ಉಳಿಯುತ್ತದೆ.