ಎಳೆದಷ್ಟೂ ಬಿಗಿಯುವ ಹಿಡಿತ

ವಿಜಯನಗರದ ಯಾವ ರೋಗಪರೀಕ್ಷಾ ಕೇಂದ್ರದಲ್ಲಾದರೂ ವಿಚಾರಿಸಿ, ಮೂತ್ರಪರೀಕ್ಷೆಯ ವರದಿಗಳಲ್ಲಿ ಪದೇಪದೇ ಕಾಣುವ ಹೆಸರು ಇ. ಕೋಲೈ. ಕರುಳಿನಲ್ಲಿ ಸಾಮಾನ್ಯವಾಗಿ ತೊಂದರೆ ಕೊಡದೆ ಬಾಳುವ ಈ ಬ್ಯಾಕ್ಟೀರಿಯ ಮೂತ್ರಕೋಶ ಸೇರಿದರೆ ಉರಿಮೂತ್ರ ತರುತ್ತದೆ. ಅಲ್ಲಿ ದಿನಕ್ಕೆ ಹಲವು ಬಾರಿ ಪ್ರವಾಹ. ಸುಮಾರು ಎರಡು ಮೈಕ್ರೊಮೀಟರ್ ಉದ್ದದ ಜೀವಿ ಕೊಚ್ಚಿಹೋಗದೆ ಉಳಿಯುವುದು ಹೇಗೆ? ಉತ್ತರದಲ್ಲಿ ಭೌತವಿಜ್ಞಾನದ ಪಾಲು ದೊಡ್ಡದು.

ಇ. ಕೋಲೈ ಮೈಮೇಲೆ ಸುಮಾರು 7 ನ್ಯಾನೊಮೀಟರ್ ದಪ್ಪದ ಲೋಮಗಳಿರುತ್ತವೆ. ಅವುಗಳ ತುದಿಯಲ್ಲಿರುವ ಫಿಮ್‌ಎಚ್ ಎಂಬ ಪ್ರೋಟೀನು ಮೂತ್ರಕೋಶದ ಒಳಗೋಡೆಯಲ್ಲಿರುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುತ್ತದೆ. ಫಿಮ್‌ಎಚ್ ಇಲ್ಲದ ತಳಿಗಳು ಇಲಿಗಳ ಮೂತ್ರಕೋಶದಲ್ಲಿ ಸರಿಯಾಗಿ ನೆಲೆಯೂರಲಾರವು. ಅಂದರೆ ರೋಗ ತರುವ ಶಕ್ತಿಯ ಒಂದು ಮುಖ್ಯ ಭಾಗ ಇಲ್ಲಿದೆ.

ಅಣುಗಳ ನಡುವಿನ ಬಂಧವನ್ನು ಎಳೆದರೆ ಅದು ಬೇಗ ಕಳಚಬೇಕು ಎಂಬುದು ನಮ್ಮ ಸಾಮಾನ್ಯ ನಿರೀಕ್ಷೆ. 2002ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವೆಂಡಿ ಥಾಮಸ್ ಮತ್ತು ಸಂಗಡಿಗರು ಕಂಡದ್ದು ಇದಕ್ಕೆ ತದ್ವಿರುದ್ಧ. ಇ. ಕೋಲೈ ಹರಡಿದ ಮೇಲ್ಮೈಯ ಮೇಲೆ ಕೆಂಪು ರಕ್ತಕಣಗಳಿರುವ ದ್ರವ ಹರಿಸಿದಾಗ, ಹರಿವು ಮಂದವಿದ್ದರೆ ಕಣಗಳು ಸಡಿಲವಾಗಿ ಜಾರಿದವು. ಹರಿವಿನ ಒತ್ತಡ ಹತ್ತುಪಟ್ಟಾದಾಗ ಗಟ್ಟಿಯಾಗಿ ನಿಂತವು! ಬಾವಿಯಿಂದ ನೀರು ಸೇದುವಾಗ ಕೊಡದ ಕೊರಳಿಗೆ ಹಾಕುವ ಜೀರುಗುಣಿಕೆಯನ್ನು ನೆನೆಯಿರಿ. ಎಳೆದಷ್ಟೂ ಬಿಗಿ. ಫಿಮ್‌ಎಚ್‌ನಲ್ಲಿ ಎರಡು ಭಾಗಗಳಿವೆ. ಅವು ಒತ್ತಿಕೊಂಡಿರುವಾಗ ಸಕ್ಕರೆ ಹಿಡಿಯುವ ಗುಳಿ ಸಡಿಲವಾಗಿರುತ್ತದೆ. ಎಳೆತ ಅವುಗಳನ್ನು ಬೇರ್ಪಡಿಸಿದೊಡನೆ ಗುಳಿ ಬಿಗಿಯುತ್ತದೆ.

ಹಾಗಾದರೆ ಹೆಚ್ಚು ನೀರು ಕುಡಿದರೆ ಹಿಡಿತ ಇನ್ನಷ್ಟು ಬಲವಾಗುವುದೇ? ತರ್ಕ ಹಾಗೆನ್ನಬಹುದು, ಅನುಭವ ಹಾಗೆನ್ನುವುದಿಲ್ಲ. ಪದೇಪದೇ ಸೋಂಕಿಗೆ ತುತ್ತಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಮೇಲೆ ಬಲ್ಗೇರಿಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆ ಲೀಟರು ಹೆಚ್ಚು ಕುಡಿದವರಿಗೆ ವರ್ಷಕ್ಕೆ ಸರಾಸರಿ 1.7 ಬಾರಿ ಸೋಂಕು ತಗುಲಿದರೆ ಉಳಿದವರಿಗೆ 3.2 ಬಾರಿ. ಎಲ್ಲ ಬ್ಯಾಕ್ಟೀರಿಯಗಳೂ ಗೋಡೆಗೆ ಕಚ್ಚಿಕೊಂಡಿರುವುದಿಲ್ಲ. ಮೂತ್ರದಲ್ಲಿ ತೇಲುತ್ತ ವೃದ್ಧಿಯಾಗುವವು ಹೊರಹೋಗುತ್ತವೆ. ಶಾಲೆಯ ಶೌಚಾಲಯಕ್ಕೆ ಹೆದರಿ ನೀರು ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುವ ಹುಡುಗಿಯರು ನಿಮ್ಮ ತರಗತಿಯಲ್ಲೂ ಇರಬಹುದು. ಅವರಿಗೆ ಈ ಅಂಕಿಗಳನ್ನು ತಿಳಿಸಿ. ಶೌಚಾಲಯದ ವಿಷಯ ಮುಖ್ಯೋಪಾಧ್ಯಾಯರಿಗೆ ತಿಳಿಸಿ.

ಮ್ಯಾನೋಸ್ ಪುಡಿಯನ್ನೇ ಸೇವಿಸಿ ಫಿಮ್‌ಎಚ್‌ಅನ್ನು ಏಮಾರಿಸಬಹುದೆಂಬ ಆಸೆಯೂ ಇತ್ತು. ಬ್ರಿಟನ್ನಿನ 598 ಮಹಿಳೆಯರ ಅಧ್ಯಯನ (2024) ಅದರಿಂದ ಪ್ರಯೋಜನ ಕಾಣಲಿಲ್ಲ. ಕಾರಣಗಳು ಹಲವಿರಬಹುದು. ದ್ರವದಲ್ಲಿ ತೇಲುವ ಸಕ್ಕರೆಯ ಅಣು ಎಳೆಯುವುದಿಲ್ಲ, ಹಾಗಾಗಿ ಕುಣಿಕೆ ಬಿಗಿಯುವುದೂ ಇಲ್ಲ ಎಂಬುದು ನನಗೆ ಒಪ್ಪಿಗೆಯಾಗುವ ಒಂದು ಕಾರಣ. ಎಳೆತವಿಲ್ಲದೆಯೂ ಆ ಗುಳಿಯಲ್ಲಿ ಭದ್ರವಾಗಿ ಕೂರುವ ಮ್ಯಾನೋಸೈಡ್ ಅಣುಗಳನ್ನು ರಸಾಯನವಿಜ್ಞಾನಿಗಳು ರಚಿಸಿದ್ದಾರೆ. ಬ್ಯಾಕ್ಟೀರಿಯವನ್ನು ಕೊಲ್ಲದೆ ಅದರ ಹಿಡಿತವನ್ನಷ್ಟೇ ತಪ್ಪಿಸುವುದು ಅವುಗಳ ಕೆಲಸ.