ಮಳೆಮಾಪಕ ಯಂತ್ರಕ್ಕೆ ಆಕಾಶದ ವೇಳೆ ಸಿಗದಿದ್ದರೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗಗಳಲ್ಲಿ ಒಂದೂರಿಗೆ ಮಳೆಯಾದರೆ ನೆರೆಯೂರಿಗೆ ಹನಿಯೂ ಬೀಳದಿರುವದು ಊರ ಮುಖಂಡರಿಗೂ ಜಮೀನುದಾರರಿಗೂ ತಿಳಿದದ್ದೇ. ಹವಾಮಾನಾಧಾರಿತ ಬೆಳೆವಿಮೆಯ ಪರಿಹಾರವು ಮಳೆಯ ಅಂಕಿಗಳ ಮೇಲೆಯೇ ನಿಲ್ಲುವದರಿಂದ, ಯಂತ್ರವು ಮೂಕವಾದರೆ ನಷ್ಟವು ಒಕ್ಕಲಿಗನದು.

ಭಾರತ ಹವಾಮಾನ ಇಲಾಖೆಯ, ಉಪಗ್ರಹದ ಮೂಲಕ ವರದಿ ಕಳಿಸುವ ಸ್ವಯಂಚಾಲಿತ ಕೇಂದ್ರಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಕ್ಷಣವನ್ನು ಗೊತ್ತುಪಡಿಸಿರುತ್ತಾರೆ. ಸಂತೆಯಲ್ಲಿ ಎಲ್ಲರೂ ಒಮ್ಮೆಲೆ ಕೂಗಿದರೆ ಯಾರ ಮಾತೂ ಕೇಳಿಸದಷ್ಟೆ! ಆ ಕ್ಷಣವನ್ನು ಯಂತ್ರವು ಜಿಪಿಎಸ್ ಉಪಗ್ರಹಗಳಿಂದ ಅರಿಯುವದು. ಅವು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿರುವದರಿಂದ ಅವುಗಳ ಸಂಕೇತವು ನೆಲ ಮುಟ್ಟುವಷ್ಟರಲ್ಲಿ ಅತಿ ಕ್ಷೀಣವಾಗಿರುತ್ತದೆ.

ಆದುದರಿಂದ ಸಂಕೇತ ಸಿಗದಾಗ ಮೊದಲು ನೋಡತಕ್ಕದ್ದು ಆಂಟೆನಾದ ಮೇಲಿನ ಆಕಾಶವನ್ನು. ಮೋಡವನ್ನು ದೂರುವದು ವಾಡಿಕೆ. ಮೋಡವು ಈ ಸಂಕೇತವನ್ನು ತಡೆಯುವದಿಲ್ಲ. ಯಂತ್ರ ನಿಲ್ಲಿಸಿದಾಗ ಸಸಿಯಾಗಿದ್ದ ಬೇವಿನ ಗಿಡದ ತೊಯ್ದ ಎಲೆಗಳೂ ಹೊಸ ತಗಡಿನ ಚಪ್ಪರವೂ ತಡೆಯುತ್ತವೆ. ಗಿಡವು ಮಳೆಯ ಅಳತೆಯನ್ನೂ ಕೆಡಿಸುವದು. ಅದು ಮಾಪಕದಿಂದ ತನ್ನ ಎತ್ತರದ ಇಮ್ಮಡಿ ದೂರವಾದರೂ ಇರಬೇಕು. ಮೇಲೆ ಅಡ್ಡಿಯಿಲ್ಲದಿದ್ದರೆ ತಂತಿಯ ಜೋಡಣೆಯಲ್ಲಿ ನೀರು ಇಳಿದಿದೆಯೇ, ಇಲಿ ಕಡಿದಿದೆಯೇ, ಸೂರ್ಯಫಲಕದ ಮೇಲೆ ಎರೆಮಣ್ಣಿನ ಧೂಳು ಕುಳಿತು ಬ್ಯಾಟರಿ ಸೊರಗಿದೆಯೇ ಎಂಬದನ್ನು ನೋಡಬೇಕು. ಬಹುದಿನ ನಿಂತ ಯಂತ್ರಕ್ಕೆ ಉಪಗ್ರಹಗಳ ಪೂರ್ಣ ಪಟ್ಟಿ ದೊರೆಯಲು 12½ ನಿಮಿಷ ಹಿಡಿಯುವದು. ಅಷ್ಟರಲ್ಲಿ ಪದೇ ಪದೇ ಆರಿಸಿ ಹಚ್ಚಬಾರದು.

ಸಂಕೇತವಿದ್ದೂ ತಾರೀಖು ಸುಮಾರು 20 ವರುಷ ಹಿಂದಿನದಾಗಿ ತೋರಿದರೆ ಅದು ಆಂಟೆನಾದ ದೋಷವಲ್ಲ. ಜಿಪಿಎಸ್ ವಾರಗಳ ಎಣಿಕೆಯು 1024 ವಾರಗಳಿಗೊಮ್ಮೆ ಸೊನ್ನೆಗೆ ಮರಳುವದು. 2019ರ ಎಪ್ರಿಲಿನಲ್ಲಿ ಹಾಗಾಯಿತು. ಇದನ್ನು ಇಲಾಖೆಯವರೇ ಸರಿಪಡಿಸಬೇಕು. ಊರವರು ಪೆಟ್ಟಿಗೆಯನ್ನು ಬಿಚ್ಚದೆ, ಯಂತ್ರ ನಿಂತ ದಿನ ಹಾಗೂ ವೇಳೆಯನ್ನು ಬರೆದಿಟ್ಟು ಕೂಡಲೆ ತಿಳಿಸತಕ್ಕದ್ದು.